ನ್ಯೂಯಾರ್ಕಿನ ಸಿಂಪಿಗಳು ಕಲಿಸುವ ಪಾಠ



ಚರಿತ್ರೆಯೆಂದರೆ ಅರಸರ ವಂಶಾವಳಿ ಮಾತ್ರವಲ್ಲವೆಂದು ತರಗತಿಯಲ್ಲಿ ನಾನು ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಇಂದಿನ ಬರಹ ಒಂದು ಚಿಪ್ಪಿನ ಜೀವಿಯ ಚರಿತ್ರೆ.

1609ರಲ್ಲಿ ಹೆನ್ರಿ ಹಡ್ಸನ್‌ನ ಹಡಗು ಇಂದಿನ ನ್ಯೂಯಾರ್ಕ್ ಬಂದರನ್ನು ಪ್ರವೇಶಿಸಿದಾಗ, ಅಲ್ಲಿನ ನೀರಿನ ತಳದಲ್ಲಿ ಆಯಿಸ್ಟರ್ ಎಂಬ ಸಿಂಪಿಗಳು ದಿಬ್ಬಗಟ್ಟಿ ಬೆಳೆದಿದ್ದವು. ಮೂಲನಿವಾಸಿಗಳಾದ ಲೆನಾಪೆ ಜನರು ತಲೆತಲಾಂತರದಿಂದ ಅವನ್ನು ತಿಂದು ಚಿಪ್ಪುಗಳನ್ನು ದಡದಲ್ಲಿ ರಾಶಿ ಹಾಕಿದ್ದರೂ ಅವುಗಳ ಸಂತತಿ ಅಳಿದಿರಲಿಲ್ಲ. ಏಕೆಂದರೆ ತಿನ್ನುವ ಬಾಯಿಗಳು ಕಡಿಮೆಯಿದ್ದವು.

ಬಳಿಕ ನೆಲೆಸಿದ ಐರೋಪ್ಯರು ಸಿಂಪಿಯನ್ನು ತಿಂದರು. ನಮ್ಮ ಕರಾವಳಿಯಲ್ಲಿ ಮಾಡುತ್ತಿದ್ದಂತೆಯೇ ಚಿಪ್ಪನ್ನು ಸುಟ್ಟು ಸುಣ್ಣ ಮಾಡಿದರು. 19ನೆಯ ಶತಮಾನದ ಆರಂಭದ ದಶಕಗಳಲ್ಲೇ ಸ್ಟೇಟನ್ ದ್ವೀಪದ ಸಹಜ ನೆಲೆಗಳು ಬರಿದಾಗಿ, ದಕ್ಷಿಣದ ಚೆಸಪೀಕ್ ಕೊಲ್ಲಿಯಿಂದ ಮರಿಸಿಂಪಿಗಳನ್ನು ತಂದು ಬಿತ್ತಬೇಕಾಯಿತು.

1790ರಲ್ಲಿ ಸುಮಾರು 33 ಸಾವಿರವಿದ್ದ ನಗರದ ಜನಸಂಖ್ಯೆ, ಸುತ್ತಣ ಊರುಗಳೂ ಸೇರಿಕೊಂಡ ಮೇಲೆ, 1900ರಲ್ಲಿ 34 ಲಕ್ಷವನ್ನು ದಾಟಿತು. ಅಷ್ಟೂ ಜನರ ಕೊಳಚೆ ಬಂದರಿಗೆ ಹರಿಯಿತು. ಸಿಂಪಿ ನೀರನ್ನು ಸೋಸಿ ಆಹಾರ ಪಡೆಯುವ ಪ್ರಾಣಿಯಾದುದರಿಂದ ವಿಷಮಶೀತ ಜ್ವರದ ರೋಗಾಣುಗಳೂ ಅದರೊಳಗೆ ಸೇರಿದವು. 1927ರಲ್ಲಿ ನಗರದ ಕೊನೆಯ ಸಿಂಪಿ ನೆಲೆಯನ್ನೂ ಮುಚ್ಚಲಾಯಿತು.

1972ರ ಶುದ್ಧ ನೀರಿನ ಕಾಯಿದೆಯ ನಂತರ ಬಂದರು ಕ್ರಮೇಣ ಚೇತರಿಸಿಕೊಂಡಿತು. 2035ರ ವೇಳೆಗೆ ನೂರು ಕೋಟಿ ಸಿಂಪಿಗಳನ್ನು ಮರಳಿ ನೆಲೆಗೊಳಿಸುವ ಯೋಜನೆಯೊಂದು 2014ರಲ್ಲಿ ಆರಂಭವಾಗಿದ್ದು, ಅದರಲ್ಲಿ ಶಾಲಾ ಮಕ್ಕಳೂ ದುಡಿಯುತ್ತಿದ್ದಾರೆಂಬುದು ಮೇಷ್ಟರಾದ ನನಗೆ ವಿಶೇಷ ಸಂತೋಷದ ಸಂಗತಿ. ಆದರೂ ಅಲ್ಲಿನ ಸಿಂಪಿ ಇಂದಿಗೂ ತಿನ್ನಲು ಯೋಗ್ಯವಲ್ಲ.

ಕೊಳಚೆಯನ್ನು ತಡೆದರೆ ಸಾಕಿತ್ತೆ? ಅದೇ ದೇಶದ ಇನ್ನೊಂದು ತೀರದ ಆರೆಗಾನ್‌ನಲ್ಲಿ ಜನಸಂದಣಿ ತೀರ ಕಡಿಮೆ. ಆದರೆ 2007ರ ಸುಮಾರಿಗೆ ಅಲ್ಲಿನ ಸಿಂಪಿಮರಿ ಕೇಂದ್ರವೊಂದರಲ್ಲಿ ಮರಿಗಳು ರಾಶಿರಾಶಿಯಾಗಿ ಸತ್ತವು. ಇಂಗಾಲದ ಡೈಆಕ್ಸೈಡ್ ಬೆರೆತು ಆಮ್ಲೀಯತೆ ಹೆಚ್ಚಿದ ಆಳದ ನೀರು ಮೇಲಕ್ಕೆ ಬಂದು, ಮರಿಗಳಿಗೆ ಚಿಪ್ಪು ಕಟ್ಟಿಕೊಳ್ಳುವುದೇ ದುಸ್ತರವಾಗಿತ್ತು. ಕೈಗಾರಿಕಾ ಯುಗದಿಂದೀಚೆಗೆ ಸಾಗರದ ಮೇಲ್ಪದರದ ಪಿಎಚ್ ಮಟ್ಟ ಸುಮಾರು 0.1ರಷ್ಟು ಇಳಿದಿದೆ. ಕೇಳಲು ಅಲ್ಪವೆನಿಸಿದರೂ, ಆಮ್ಲೀಯತೆಯ ಲೆಕ್ಕದಲ್ಲಿ ಇದು ಶೇಕಡ 25ಕ್ಕೂ ಮಿಗಿಲಾದ ಹೆಚ್ಚಳ.

ಊರಿನ ಕೊಳಚೆಯನ್ನು ಆ ಊರೇ ಶುದ್ಧಿಗೊಳಿಸಬಲ್ಲದು. ಹೊಗೆಗೆ ಊರಿನ ಗಡಿಯಿಲ್ಲ. ಯಾವುದೋ ನಗರದಲ್ಲಿ ಉರಿಸಿದ ಇಂಧನದ ಫಲವನ್ನು ನಿರ್ಜನ ತೀರದ ಮರಿಸಿಂಪಿ ಉಣ್ಣುತ್ತಿದೆ. ದೇಶವಿದೇಶಗಳ ಮಹಾನಗರಗಳಲ್ಲಿ ನೆಲೆಸಿರುವ ನನ್ನ ಶಿಷ್ಯರು ಇದನ್ನು ತಮ್ಮ ಮಕ್ಕಳಿಗೂ ತಿಳಿಹೇಳಬೇಕೆಂಬುದು ನನ್ನ ಕೋರಿಕೆ.