‘ಊರ್’: ಒಂದೇ ಉಚ್ಚಾರ, ಹಲವು ವಂಶ

ದ್ರಾವಿಡ ಭಾಷೆಗಳಲ್ಲಿ ಜನವಸತಿಯನ್ನು ಸೂಚಿಸುವ ಪದಗಳ ಪೈಕಿ ‘ಊರ್’ ಎಂಬುದರಷ್ಟು ವ್ಯಾಪಕವಾಗಿ ಬಳಕೆಯಾದವು ವಿರಳ. ಕನ್ನಡ ತೆಲುಗುಗಳಲ್ಲಿ ಸ್ವರಾಂತವಾಗಿ ‘ಊರು’ ಎಂದಾಗಿ, ತಮಿಳು ಮಲಯಾಳಗಳಲ್ಲಿ ವ್ಯಂಜನಾಂತವಾಗಿಯೇ ಉಳಿದ ಈ ಪದ ಮೈಸೂರು, ನೆಲ್ಲೂರು, ತಂಜಾವೂರು, ತ್ರಿಶ್ಶೂರುಗಳ ಹೆಸರಿನ ಕೊನೆಯಲ್ಲಿ ನೆಲೆನಿಂತಿದೆ. ಬೇಗೂರಿನಲ್ಲಿ ದೊರೆತ, ಸುಮಾರು ಕ್ರಿ.ಶ. 890ರದೆಂದು ಎಣಿಸಲಾಗುವ ವೀರಗಲ್ಲಿನಲ್ಲಿ ಬೆಂಗಳೂರಿನ ಹೆಸರು ಕಾಳಗವೊಂದರ ಸಂದರ್ಭದಲ್ಲಿ ಬಂದಿದೆ. ಶತ್ರುಗಳು ಊರಿನ ಮೇಲೆ ಬಿದ್ದು ಸೂರೆಮಾಡುವುದಕ್ಕೆ ವೀರಗಲ್ಲುಗಳ ಭಾಷೆಯಲ್ಲಿ ‘ಊರಳಿವು’ ಎಂಬ ಮಾತೇ ಇತ್ತು. ಚೋಳರ ಕಾಲದ ತಮಿಳುನಾಡಿನಲ್ಲಿ ‘ಊರ್’ ಎಂದರೆ ವಸತಿಯ ನೆಲವಷ್ಟೇ ಅಲ್ಲದೆ ಅಲ್ಲಿನ ಹಿಡುವಳಿದಾರರು ಸೇರುತ್ತಿದ್ದ ಕೂಟವೂ ಆಗಿತ್ತು. ಬ್ರಾಹ್ಮಣ ಅಗ್ರಹಾರಗಳ ಕೂಟಕ್ಕೆ ‘ಸಭೆ’ ಎಂಬ ಬೇರೆ ಹೆಸರಿತ್ತು.

ಜನರು ಕಾಲೂರಿ, ಬೇರೂರಿ ನಿಂತ ಜಾಗವೇ ಊರು ಎಂಬ ವಿವರಣೆ ಕೇಳಲು ಸೊಗಸಾಗಿದ್ದರೂ ಹಳಗನ್ನಡದ ಬರವಣಿಗೆ ಅದನ್ನು ಒಪ್ಪುವುದಿಲ್ಲ. ನೆಡು, ನಾಟು ಎಂಬರ್ಥದ ಕ್ರಿಯಾಪದ ಅಲ್ಲಿ ‘ಊಱು’ ಎಂದು ಶಕಟರೇಫದಿಂದ, ಅಂದರೆ ಈಗ ಬಳಕೆ ತಪ್ಪಿರುವ ಒರಟು ರಕಾರದಿಂದ ಕೂಡಿದ್ದು, ತಮಿಳಿನ ‘ಊನ್ಱು’ ಎಂಬುದಕ್ಕೆ ಸಂವಾದಿಯಾಗಿದೆ. ವಸತಿಯನ್ನು ಹೇಳುವ ‘ಊರ್’ನಲ್ಲಿರುವುದು ಸಾಮಾನ್ಯ ರೇಫವೇ. ಲಿಪಿಯಲ್ಲಿ ಒಂದು ಅಕ್ಷರ ಅಳಿದುದರಿಂದ ಎರಡು ವಂಶಗಳು ಕಣ್ಣಿಗೆ ಒಂದಾದವು. ತೊಡೆ ಎಂಬರ್ಥದ ಸಂಸ್ಕೃತದ ‘ಊರು’ ಇವೆರಡಕ್ಕೂ ಹೊರಗಿನದು: ಭಾಸನ ‘ಊರುಭಂಗ’ದಲ್ಲಿ ಮುರಿಯುವುದು ದುರ್ಯೋಧನನ ತೊಡೆಯೇ ಹೊರತು ಯಾವ ಗ್ರಾಮವೂ ಅಲ್ಲ.

ಹೆಚ್ಚಿನ ಊಹಾಪೋಹಕ್ಕೆ ಕಾರಣವಾದುದು ಇಂದಿನ ಇರಾಕಿನ ದಕ್ಷಿಣದಲ್ಲಿ, ಲಿಯೊನಾರ್ಡ್ ವೂಲಿ 1922ರಿಂದ 1934ರವರೆಗೆ ಉತ್ಖನನ ನಡೆಸಿದ ಊರ್ ಎಂಬ ಪ್ರಾಚೀನ ಸುಮೇರಿಯನ್ ನಗರ. ಸುಮೇರಿಯನ್ ಭಾಷೆಯಲ್ಲಿ ನಗರಕ್ಕೆ ‘ಉರು’ ಎಂಬ ಪದವಿದೆಯೆಂಬ ಕಾರಣ ಮುಂದಿಟ್ಟು, ಸುಮೇರಿಯನ್ನರಿಗೂ ದ್ರಾವಿಡರಿಗೂ ರಕ್ತಸಂಬಂಧ ಕಲ್ಪಿಸಿದವರುಂಟು. ಆದರೆ ಆ ನಗರದ ಸುಮೇರಿಯನ್ ಹೆಸರು ‘ಉರಿಮ್’. ನಗರವಾಚಕ ಪದವನ್ನಾದರೋ ಇಂದಿನ ಅನೇಕ ವಿದ್ವಾಂಸರು ‘ಇರಿ’ ಎಂದು ಓದುತ್ತಾರೆ. ಹಾಗಾಗಿ ಸುಮೇರಿಯನ್ನಿನೊಳಗೇ ಇವೆರಡನ್ನೂ ಒಂದೆಂದು ಹೇಳುವುದು ಕಷ್ಟ. ಹೀಬ್ರೂ ಬೈಬಲಿನಲ್ಲಿ ಅಬ್ರಹಾಮನ ಮೂಲಸ್ಥಳವಾಗಿ ಊರ್ ಬರುತ್ತದೆ. ಆ ಭಾಷೆಯಲ್ಲಿ ‘ಊರ್’ ಎಂದರೆ ಬೆಂಕಿ, ನಗರಕ್ಕೆ ‘ಈರ್’ ಎಂಬ ಬೇರೆ ಪದ. ಈ ಶ್ಲೇಷೆಯನ್ನು ಹಿಡಿದ ಯಹೂದಿ ವ್ಯಾಖ್ಯಾನಕಾರರು ಅಬ್ರಹಾಮನನ್ನು ಕುಲುಮೆಗೆ ಎಸೆದರೂ ಆತ ಬದುಕಿಬಂದನೆಂಬ ಕಥೆಯನ್ನು ಬೆಳೆಸಿದರು. ಕನ್ನಡದ ‘ಉರಿ’ಯನ್ನು ಇಲ್ಲಿಗೆ ಎಳೆದು ತರುವ ಆಸೆಯೂ ಹುಟ್ಟಬಹುದು, ಹಾಗೆ ಹೊರಟರೆ ಒಂದೇ ಶಬ್ದದಿಂದ ಊರನ್ನೂ ಉರಿಯನ್ನೂ ಸಾಧಿಸಿಬಿಡಬಹುದು.

ಯೂರೋಪಿನಲ್ಲಿ ಬಾಸ್ಕ್ ಭಾಷೆಯ ‘ಉರ್’ ನೀರು, ಅದೇ ಭಾಷೆಯ ‘ಉರಿ’ ಪಟ್ಟಣ. ಹಂಗೇರಿಯನ್ನಿನಲ್ಲಿ ‘ಊರ್’ ಎಂದರೆ ಒಡೆಯ. ಜರ್ಮನ್ನಿನಲ್ಲಿ ಅದು ಆದಿಮ ಎಂಬರ್ಥದ ಉಪಸರ್ಗವೂ ಹೌದು, ಲ್ಯಾಟಿನ್ನಿನ ‘ಹೋರಾ’ದಿಂದ ಬಂದ ಗಡಿಯಾರದ ಹೆಸರೂ ಹೌದು. ಒಂದು ಸ್ವರ, ಒಂದು ವ್ಯಂಜನ ಮಾತ್ರ ಇರುವ ಪದ ಸಾವಿರಾರು ಭಾಷೆಗಳಲ್ಲಿ ಮರುಕಳಿಸುವುದರಲ್ಲಿ, ಆಗೊಮ್ಮೆ ಈಗೊಮ್ಮೆ ಅರ್ಥವೂ ತಾಳೆಯಾಗುವುದರಲ್ಲಿ ಆಶ್ಚರ್ಯವಿಲ್ಲ. ಭಾಷಾವಿಜ್ಞಾನ ಜ್ಞಾತಿಪದಗಳನ್ನು, ಅಂದರೆ ಒಂದೇ ಮೂಲದಿಂದ ಕವಲೊಡೆದ ಪದಗಳನ್ನು, ಗುರುತಿಸುವುದು ಹೋಲಿಕೆಯಿಂದಲ್ಲ, ಧ್ವನಿವ್ಯತ್ಯಾಸದ ಕ್ರಮಬದ್ಧತೆಯಿಂದ: ತಮಿಳಿನ ಪಾಲ್, ಪುಲಿ, ಪೆಯರ್‌ಗಳಿಗೆ ಕನ್ನಡದಲ್ಲಿ ಹಾಲು, ಹುಲಿ, ಹೆಸರು ಎಂದು ಪಕಾರಕ್ಕೆ ಹಕಾರ ತಪ್ಪದೆ ಎದುರಾಗುವುದು ಅಂಥ ಕ್ರಮ. ಸುಮೇರಿಯನ್ ಮತ್ತು ದ್ರಾವಿಡಗಳ ನಡುವೆ ಇಂಥ ಸಾಲು ಸಾಲು ಸಂವಾದಗಳನ್ನು ವಿದ್ವಲ್ಲೋಕ ಒಪ್ಪುವಂತೆ ಇದುವರೆಗೆ ಯಾರೂ ತೋರಿಸಿಲ್ಲವಾದ್ದರಿಂದ, ‘ಊರ್’ ಒಂದನ್ನೇ ಆಧಾರವಾಗಿಟ್ಟ ನಂಟನ್ನು ಇತಿಹಾಸವೆಂದು ಬರೆಯುವಂತಿಲ್ಲ.