ಬಣ್ಣ ಕೆರೆಯುವ ಮುನ್ನ

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಮರವಿದ್ದರೂ ಮರ ಕಾಣುವುದಿಲ್ಲ. ಕಂಬ, ಬಾಗಿಲು, ಅಟ್ಟದ ಹಲಗೆ ಎಲ್ಲಕ್ಕೂ ಹಸಿರೋ ನೀಲಿಯೋ ಎಣ್ಣೆ ಬಣ್ಣ. ಮನೆಯಲ್ಲಿ ಮದುವೆ ಬಂತೆಂದರೆ ಇನ್ನೊಂದು ಕೋಟು. ಕಂಬವನ್ನು ಒಂದು ಕಡೆ ಕೆರೆದರೆ ಅತ್ತೆಯ ಮದುವೆ, ಅವರತ್ತೆಯ ಮದುವೆ ಪದರಪದರವಾಗಿ ಹೊರಬರುತ್ತವೆ!

ಈಗ ಕಾಲ ತಿರುಗಿದೆ. ಕೊಪ್ಪಳ, ಗಂಗಾವತಿಗಳಲ್ಲಿ ಮನೆ ಕಟ್ಟಿಸುವವರು ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಂದ ಹಳೆಯ ಬಾಗಿಲು ತರಿಸಿ, ಬಣ್ಣ ತೆಗೆಸಿ, ಪಾಲಿಶ್ ಹಚ್ಚಿಸುತ್ತಾರೆ. ಸಾಗುವಾನಿಯ ಗೆರೆಗಳು ಮತ್ತೆ ಬೆಳಕು ಕಾಣುವುದು ನನಗೂ ಇಷ್ಟವೇ. ಆದರೆ ಕಾಸ್ಟಿಕ್ ಸೋಡಾ ಬಣ್ಣವನ್ನು ತಿನ್ನುವಾಗ ಕೈಯನ್ನೂ ಸುಡುತ್ತದೆ, ಮರವನ್ನೂ ಕಪ್ಪಾಗಿಸುತ್ತದೆ. ಹಳೆಯ ಎಣ್ಣೆ ಬಣ್ಣಗಳಲ್ಲಿ ಸೀಸವಿರುವುದುಂಟು. ಮನೆಬಳಕೆಯ ಬಣ್ಣದಲ್ಲಿ ಅದು ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಯಾದದ್ದೇ 2017ರಲ್ಲಿ. ಒಣಗಿದ್ದನ್ನು ಹಾಗೆಯೇ ಉಜ್ಜಿ ಧೂಳೆಬ್ಬಿಸಬೇಡಿ; ನೀರು ಚಿಮುಕಿಸಿ ಕೆರೆಯಿರಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ನಮ್ಮ ನಾದಿನಿಯೂ ಪಡಸಾಲೆಯ ಕಂಬಗಳಿಗೆ ಹೀಗೆಯೇ ಮಾಡಿಸಿದಳು. ಕಂಬಗಳು ಚೆಂದವಾಗಿಯೇ ಬಂದವು. ಅದೇ ಹುಮ್ಮಸ್ಸಿನಲ್ಲಿ ಗೌರಿ ಹುಣ್ಣಿಮೆಗೆ ಕೂಡಿಸುವ ಕಟ್ಟಿಗೆಯ ಗೌರಿಯನ್ನೂ ಹೊರಗೆ ತಂದಳು. ಯಾರೋ ಅದಕ್ಕೆ ಪೇಟೆಯ ಎನಾಮಲ್ ಬಳಿದಿದ್ದರು. "ವೈನಿ, ಇದನ್ನೂ ಸೋಡಾ ನೀರಾಗ ಇಟ್ಟು ತಿಕ್ಕಿಸಿಬಿಡೂಣು. ಒಳಗ ಛಲೋ ಕಟಿಗಿ ಇರತೈತಿ," ಎಂದಳು.

ಗೌರಿ ಕಿನ್ನಾಳದ್ದು. ಕೊಪ್ಪಳದ ಹತ್ತಿರವೇ ಇರುವ ಈ ಊರಿನ ಚಿತ್ರಗಾರರ ಕೆಲಸ ಬಡಗಿಯ ಕೆಲಸದಂತಲ್ಲ. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿಗೆ ಚಿತ್ರ ಬರೆದವರು ತಮ್ಮ ಹಿರಿಯರೆಂದು ಅವರು ಹೇಳಿಕೊಳ್ಳುತ್ತಾರೆ. ವಿಜಯನಗರದ ಆಳ್ವಿಕೆ ಮುಗಿಯಿತು. ಮುಂದೆ ನಿಜಾಮರ ಕಾಲದಲ್ಲಿ ಕೊಪ್ಪಳ ಸಾಲಾರ್‌ಜಂಗರ ಜಾಗೀರಾಯಿತು. 1949ರಲ್ಲಿ ಜಾಗೀರುಗಳೂ ರದ್ದಾದವು. ಕಿನ್ನಾಳದ ಕುಂಚ ಮಾತ್ರ ನಿಲ್ಲಲಿಲ್ಲ. ಅದನ್ನು ಉಳಿಸಿದ್ದರಲ್ಲಿ ಹಬ್ಬಕ್ಕೆ ಗೌರಿ, ಗಣಪ ಬೇಕೆಂದ ಮನೆಗಳ ಪಾಲು ದೊಡ್ಡದು ಎಂದು ನನಗನ್ನಿಸುತ್ತದೆ. ಚರಿತ್ರೆಯ ಪುಸ್ತಕದಲ್ಲಿ ಇಂಥ ಗಿರಾಕಿಗಳ ಹೆಸರು ಬರುವುದಿಲ್ಲ, ಬಿಡಿ.

ಅವರು ಬಳಸುವುದು ಹಗುರವಾದ, ಮೆತ್ತನೆಯ ಪೊಳಕಿ ಮರ. ತುಂಡುಗಳನ್ನು ಬೇರೆಬೇರೆ ಕೆತ್ತಿ ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ನೆನೆಸಿದ ಗೋಣಿಯ ಚಿಂದಿಯನ್ನು ಒಣಗಿಸಿ ಪುಡಿಮಾಡಿ, ಮರದ ಹೊಟ್ಟು ಮತ್ತು ಅದೇ ಅಂಟಿನೊಡನೆ ಕಲಸಿದರೆ ಕಿಟ್ಟ. ಮೈಗೆಲ್ಲ ಕಿಟ್ಟ ಮೆತ್ತಿ, ಅದರ ಮೇಲೆ ಹತ್ತಿಬಟ್ಟೆಯ ಚೂರು ಅಂಟಿಸಿ, ಬೆಣಚುಕಲ್ಲಿನ ಪುಡಿಯ ಲೇಪ ಕೊಟ್ಟ ಮೇಲೆಯೇ ಬಣ್ಣ. ಆಭರಣಗಳೂ ಈ ಲೇಪದಿಂದಲೇ ಉಬ್ಬಿ ನಿಲ್ಲುತ್ತವೆ. ಬೆಳ್ಳಿಬಂಗಾರದ ಹೊಳಪಿಗೆ ತವರದ ಲಾಜವಾರ.

ಎಂದಮೇಲೆ ಬಣ್ಣ ತೆಗೆದು ನೋಡುವುದೇನನ್ನು? ಕಂಬದಲ್ಲಿ ಬಣ್ಣ ಮೇಲಿನ ಹೊದಿಕೆ. ಗೌರಿಯಲ್ಲಿ ಬಣ್ಣವೇ ಮೈ. ಹುಣಸೆಬೀಜದ ಅಂಟಿಗೆ ನೀರೇ ವೈರಿ. ಒಂದು ರಾತ್ರಿ ಸೋಡಾ ನೀರಿನಲ್ಲಿಟ್ಟಿದ್ದರೆ ಬೆಳಗಿಗೆ ಕೈ ಬೇರೆ, ಕಿರೀಟ ಬೇರೆ ಸಿಗುತ್ತಿದ್ದವು. ನಾನು ಬೇಡವೆನ್ನುವಷ್ಟರಲ್ಲಿ ಪಾಲಿಶ್ ಹುಡುಗ ಪೀಠದ ಮೂಲೆಯನ್ನು ಒದ್ದೆ ಬಟ್ಟೆಯಿಂದ ತಿಕ್ಕಿಯೇ ಬಿಟ್ಟಿದ್ದ. ಬಟ್ಟೆಯ ಚೂರೊಂದು ಎದ್ದು ಬಂತು. ಒಳಗೆ ಬೆಂಡಿನಂಥ ಬಿಳಿ ಕಟ್ಟಿಗೆ. ನಾದಿನಿ ಪೆಚ್ಚಾಗಿ ಕೂತಳು.

ಕಿನ್ನಾಳಕ್ಕೆ ಒಯ್ದೆವು. ಊರದೇವತೆಗಳನ್ನು ಜಾತ್ರೆಗೆ ಮುಂಚೆ ಬಣ್ಣಕ್ಕೆ ಕೊಡುವ ಪದ್ಧತಿ ನಮ್ಮಲ್ಲಿದೆಯಲ್ಲ, ಹಾಗೆ. ಹಿರಿಯ ಚಿತ್ರಗಾರರೊಬ್ಬರು ತಿರುಗಿಸಿ ತಿರುಗಿಸಿ ನೋಡಿ, "ಅಕ್ಕಾರ, ಇದು ಕಟಿಗಿ ತೋರಸಾಕ ಮಾಡಿದ್ದಲ್ರಿ," ಎಂದರು. ಮೇಲಿನ ಎನಾಮಲ್ಲನ್ನು ಒಣಗಿದಂತೆಯೇ, ಸಣ್ಣ ಚೂರಿಯ ತುದಿಯಿಂದ, ಚೂರುಚೂರಾಗಿ ಎಬ್ಬಿಸಿದರು. ಮುಖದ ಹಳದಿ ಹಳೆಯದೇ ಉಳಿಯಿತು. ಪೀಠದ ಮೂಲೆಗೆ ಹೊಸ ಕಿಟ್ಟ, ಹೊಸ ಕೆಂಪು. ಆ ಕೆಂಪು ಕೊಂಚ ಎದ್ದು ಕಾಣುತ್ತದೆ. ಸರಿಪಡಿಸಿ ಕೊಡುತ್ತೇನೆಂದು ಅವರೆಂದರೂ ನಾದಿನಿಯೇ ಬೇಡವೆಂದಳು.