ಹೊಟ್ಟೆಯೊಳಗೆ ಉಳಿದ ಬಟ್ಟೆ, 33 ವರ್ಷದ ಕೇಸು

ನಮ್ಮ ಕಡೆ ಆಸ್ಪತ್ರೆಯಲ್ಲಿ ಯಾರಾದರೂ ಅಕಾಲದಲ್ಲಿ ತೀರಿಕೊಂಡರೆ ಎರಡು ಮಾತು ಕೇಳಿಬರುತ್ತವೆ. ಒಂದು, ‘ಹಣೆಬರಹ, ಯಾರೇನು ಮಾಡೋಕಾಗುತ್ತೆ’. ಇನ್ನೊಂದು, ‘ಡಾಕ್ಟ್ರೇ ಕೊಂದ್ರು, ಬಿಡಬೇಡಿ’. ವರದಿಗೆ ಹೋದ ಕಡೆಯೆಲ್ಲ ಎರಡನ್ನೂ ಕೇಳಿದ್ದೇನೆ. ಮೊದಲನೆಯದು ಮನೆಯಲ್ಲೇ ಮುಗಿಯುತ್ತದೆ. ಎರಡನೆಯದು ಆಸ್ಪತ್ರೆಯ ಗಾಜು ಒಡೆದು ಮುಗಿಯುತ್ತದೆ. ಎರಡೂ ಬೇಡವೆಂದು ಕೋರ್ಟಿನ ಮೆಟ್ಟಿಲು ಹತ್ತಿದವರೂ ಇದ್ದಾರೆ. ಅವರು ಸವೆಸಿದ ದಾರಿಯ ಕತೆ ಇದು.

ಮೊದಲ ದೊಡ್ಡ ಕೇಸು ಮಹಾರಾಷ್ಟ್ರದ್ದು. 1953ರ ಮೇ ತಿಂಗಳಲ್ಲಿ ಸಮುದ್ರ ತೀರದ ಹಳ್ಳಿಯೊಂದರಲ್ಲಿ 20ರ ಆಸುಪಾಸಿನ ಹುಡುಗ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಮರದ ಹಲಗೆ ಕಟ್ಟಿ, ಟ್ಯಾಕ್ಸಿಯಲ್ಲಿ ಪುಣೆಯ ಆಸ್ಪತ್ರೆಗೆ ಒಯ್ದರು. ಅಲ್ಲಿ ಸರಿಯಾಗಿ ಅರಿವಳಿಕೆ ಕೊಡದೆ, ಆಳುಗಳಿಂದ ಕಾಲು ಎಳೆಸಿ ಮೂಳೆ ಕೂರಿಸಿದರು. ಅದೇ ದಿನ ಹುಡುಗ ತೀರಿಕೊಂಡ. ತಂದೆ ದಾವೆ ಹೂಡಿದರು. 15 ವರ್ಷದ ಮೇಲೆ, 1968ರಲ್ಲಿ, ಸುಪ್ರೀಂ ಕೋರ್ಟು ವೈದ್ಯರದೇ ತಪ್ಪು ಎಂದಿತು. ಸಿಕ್ಕ ಪರಿಹಾರ 3,000 ರೂಪಾಯಿ.

ಹಣ ಸಣ್ಣದು, ತೀರ್ಪು ದೊಡ್ಡದು. ರೋಗಿಯನ್ನು ತೆಗೆದುಕೊಳ್ಳಬೇಕೇ ಎಂದು ತೀರ್ಮಾನಿಸುವಾಗ, ಯಾವ ಚಿಕಿತ್ಸೆ ಎಂದು ನಿರ್ಧರಿಸುವಾಗ, ಆ ಚಿಕಿತ್ಸೆ ಕೊಡುವಾಗ, ಈ ಮೂರೂ ಹಂತದಲ್ಲಿ ವೈದ್ಯರಿಗೆ ಎಚ್ಚರ ವಹಿಸುವ ಹೊಣೆ ಇದೆ ಎಂದು ಕೋರ್ಟು ಹೇಳಿತು. ಇಂದಿಗೂ ವಕೀಲರು ಶುರು ಮಾಡುವುದು ಇಲ್ಲಿಂದಲೇ.

ಎರಡನೆಯದು ಸರ್ಕಾರಿ ಆಸ್ಪತ್ರೆಯ ಕೇಸು. 1963ರ ಜುಲೈ, ಔರಂಗಾಬಾದ್. ಹೆರಿಗೆಗೆ ಬಂದ ತಾಯಿಗೆ ಮೂರು ದಿನದ ನಂತರ ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಜ್ವರ, ತಡೆಯಲಾಗದ ನೋವು. ಮತ್ತೆ ಹೊಟ್ಟೆ ಕೊಯ್ದಾಗ ಒಳಗೆ ಬಟ್ಟೆಯೊಂದು ಉಳಿದು ಕೀವಾಗಿತ್ತು. ಜುಲೈ 24ರಂದು ಆ ತಾಯಿ ಸತ್ತರು. ಗಂಡ ಮತ್ತು ಮಕ್ಕಳು ಸರ್ಕಾರದ ಮೇಲೆ ಕೇಸು ಹಾಕಿದರು. ಕೆಳಗಿನ ಕೋರ್ಟು 36,000 ರೂಪಾಯಿ ಕೊಡಿಸಿತು, ಹೈಕೋರ್ಟು ಅದನ್ನು ರದ್ದು ಮಾಡಿತು. ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದ್ದು 1996ರ ಫೆಬ್ರವರಿಯಲ್ಲಿ.

ಅಲ್ಲಿ ಕೋರ್ಟು ಹೇಳಿದ್ದು ಸರಳ. ಹೊಟ್ಟೆಯಲ್ಲಿ ಬಟ್ಟೆ ಸಿಕ್ಕಿದೆ ಎಂದರೆ ಯಾರೋ ಎಚ್ಚರ ತಪ್ಪಿದ್ದಾರೆ. ಆಪರೇಷನ್ ಕೋಣೆಯಲ್ಲಿ ಏನಾಯಿತೆಂದು ಹೊರಗೆ ಕೂತ ಗಂಡ ಹೇಗೆ ಸಾಬೀತು ಮಾಡಿಯಾನು? ತಪ್ಪಿಲ್ಲ ಎಂದು ತೋರಿಸಬೇಕಾದವರು ಆಸ್ಪತ್ರೆಯವರು. ನೌಕರರ ತಪ್ಪಿಗೆ ಸರ್ಕಾರವೇ ಹೊಣೆ. 36,000 ರೂಪಾಯಿಯ ತೀರ್ಪು ಮತ್ತೆ ಜೀವ ಪಡೆಯಿತು. ಅಷ್ಟರಲ್ಲಿ ಆ ತಾಯಿಯ ಕೂಸಿಗೆ 32 ವರ್ಷ ದಾಟಿರಬೇಕು.

ಇಷ್ಟು ವರ್ಷ ಯಾರು ಕಾಯುತ್ತಾರೆ? ಅದಕ್ಕೇ 1986ರಲ್ಲಿ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ ಜನರಿಗೆ ಆಸರೆ ಅನಿಸಿತು. ಡಾಕ್ಟರಿಕೆ ವ್ಯಾಪಾರವಲ್ಲ, ರೋಗಿ ಗ್ರಾಹಕನಲ್ಲ ಎಂದು ವೈದ್ಯರ ಸಂಘ ವಾದಿಸಿತು. 1995ರ ನವೆಂಬರ್ 13ರಂದು ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ವಾದ ಒಪ್ಪಲಿಲ್ಲ. ದುಡ್ಡು ಪಡೆದು ಕೊಟ್ಟ ಚಿಕಿತ್ಸೆ ‘ಸೇವೆ’ಯೇ ಎಂದಿತು. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಾದರೆ, ಉಚಿತ ರೋಗಿಯೂ ದೂರು ಕೊಡಬಹುದು.

ಆದರೆ ಎಲ್ಲರಿಗೂ ಉಚಿತವಾಗಿರುವ ಆಸ್ಪತ್ರೆ ಈ ಕಾಯ್ದೆಯ ಹೊರಗೆ ಉಳಿಯಿತು. ನೋಂದಣಿ ಚೀಟಿಗೆ ಕೊಟ್ಟ ಚಿಲ್ಲರೆ ದುಡ್ಡು ಲೆಕ್ಕಕ್ಕಿಲ್ಲ. ಅಂದರೆ ಖಾಸಗಿ ನರ್ಸಿಂಗ್ ಹೋಮಿಗೆ ಹೋದವರಿಗೆ ಗ್ರಾಹಕರ ಆಯೋಗ. ಪೂರ್ತಿ ಉಚಿತವಾದ ಸರ್ಕಾರಿ ಆಸ್ಪತ್ರೆಗೆ ಹೋದ ಬಡವರಿಗೆ ಅದೇ ಹಳೆಯ ಸಿವಿಲ್ ಕೋರ್ಟು. ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಕಾಡುವುದು ಇದೇ.

ಹಾಗಂತ ಬಡವರು ಗೆದ್ದೇ ಇಲ್ಲ ಎಂದಲ್ಲ. ಹರಿಯಾಣದ ಗುರಗಾಂವ್‌ನಲ್ಲಿ ಏಳು ಮಕ್ಕಳ ತಾಯಿ, ಕೂಲಿ ಮಾಡುವ ಹೆಂಗಸು, 1988ರಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡರು. ಇನ್ನು ಮಕ್ಕಳಾಗುವುದಿಲ್ಲ ಎಂದು ಸರ್ಟಿಫಿಕೇಟನ್ನೂ ಕೊಟ್ಟರು. ಆದರೂ ಇನ್ನೊಂದು ಹೆಣ್ಣು ಮಗು ಹುಟ್ಟಿತು. ವಿಚಾರಣೆಯಲ್ಲಿ ತಿಳಿದದ್ದು, ಬಲಗಡೆಯ ನಾಳಕ್ಕೆ ಮಾತ್ರ ಆಪರೇಷನ್ ಆಗಿದೆ, ಎಡಗಡೆಯದನ್ನು ಮುಟ್ಟೇ ಇಲ್ಲ ಎಂದು. 54,000 ರೂಪಾಯಿ ಪರಿಹಾರವನ್ನು 2000ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ಇದನ್ನು ಓದಿ ಆಪರೇಷನ್ ಫಲಿಸದವರೆಲ್ಲ ಗೆಲ್ಲುತ್ತಾರೆ ಅಂದುಕೊಳ್ಳಬೇಡಿ. 2005ರಲ್ಲಿ ಪಂಜಾಬಿನ ಇಂಥದೇ ಕೇಸಿನಲ್ಲಿ ಅದೇ ಕೋರ್ಟು, ಆಪರೇಷನ್ ವಿಫಲವಾದ ಮಾತ್ರಕ್ಕೆ ವೈದ್ಯರು ತಪ್ಪು ಮಾಡಿದ್ದಾರೆ ಎನ್ನಲಾಗದು ಎಂದಿತು. ಅದೇ ವರ್ಷ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಕ್ರಿಮಿನಲ್ ಕೇಸಿಗೆ ಗಡಿ ಹಾಕಿತು: ಘೋರ ನಿರ್ಲಕ್ಷ್ಯ ಇರಬೇಕು, ಪೊಲೀಸರು ಮೊದಲು ಬೇರೆ ವೈದ್ಯರ ಅಭಿಪ್ರಾಯ ಪಡೆಯಬೇಕು, ಬಂಧನಕ್ಕೆ ಆತುರಪಡಬಾರದು. ರೋಗಿ ಸತ್ತ ತಕ್ಷಣ ಜೈಲು ಎಂದಾದರೆ ಯಾವ ವೈದ್ಯರು ತಾನೇ ಗಂಭೀರ ರೋಗಿಯನ್ನು ಮುಟ್ಟುತ್ತಾರೆ? ಈ ಮಾತಿನಲ್ಲೂ ನ್ಯಾಯವಿದೆ.

ಇಂಥ ಕೇಸುಗಳಲ್ಲಿ ಅಳುವಿಗಿಂತ ಕಾಗದದ ಮಾತು ಹೆಚ್ಚು ನಡೆಯುತ್ತದೆ. ಹೆರಿಗೆಯಿರಲಿ, ಹಾವು ಕಡಿತವಿರಲಿ, ಡಿಸ್ಚಾರ್ಜ್ ಆದ ಮೇಲೆ ನಾವು ಚೀಟಿಗಳನ್ನು ಒಲೆಗೆ ಹಾಕುತ್ತೇವೆ. 2002ರ ವೈದ್ಯಕೀಯ ಪರಿಷತ್ತಿನ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬಾಯಲ್ಲಿ ಕೇಳಬೇಡಿ, ಅರ್ಜಿ ಬರೆದು ಕೊಟ್ಟು, ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಈಗಿನ 2019ರ ಗ್ರಾಹಕ ಕಾಯ್ದೆಯಲ್ಲಿ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಆಸ್ಪತ್ರೆ ಬೆಂಗಳೂರಿನಲ್ಲಿದ್ದರೂ ಸರಿ. ಚಿಕಿತ್ಸೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹೋಗಬೇಕು. ವಕೀಲರಿಗೆ ದುಡ್ಡಿಲ್ಲವೇ? ತಾಲ್ಲೂಕು ಕಾನೂನು ಸೇವಾ ಸಮಿತಿ ಕೇಳಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವಿದೆ.

ಔರಂಗಾಬಾದಿನ ಆ ಕುಟುಂಬಕ್ಕೆ ಇದ್ಯಾವುದೂ ಇರಲಿಲ್ಲ. ಆದರೂ ಅವರು ಹಣೆಬರಹ ಎಂದು ಕೈಚೆಲ್ಲಲಿಲ್ಲ. ಮುಂದಿನ ಸಲ ಆಸ್ಪತ್ರೆಯಿಂದ ಬರುವಾಗ ಚೀಟಿಗಳನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಪಹಣಿ ಇಡುವ ಟ್ರಂಕಿನಲ್ಲೇ ಇಡಿ.